ತಪ್ಪು ರೈಲು ಹತ್ತಿದವರೆಲ್ಲ ಕಳ್ಳರಲ್ಲ

ಬೆಂಗಳೂರು–ಮೈಸೂರು ರೈಲನ್ನೇ ನೆಚ್ಚಿಕೊಂಡು ಬದುಕು ಕಟ್ಟಿಕೊಂಡವರು ಮಂಡ್ಯ, ಮದ್ದೂರಿನಲ್ಲಿ ಸಾವಿರಾರು ಮಂದಿ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು, ಕಚೇರಿ ನೌಕರರು, ಕಾಲೇಜಿನ ಹುಡುಗರು, ದೊಡ್ಡಾಸ್ಪತ್ರೆಗೆ ಹೊರಟ ವಯಸ್ಸಾದವರು, ಮಳವಳ್ಳಿ ಕಡೆಯಿಂದ ಬಸ್ಸಿನಲ್ಲಿ ಬಂದು ರೈಲು ಹಿಡಿಯುವವರು ಎಲ್ಲರೂ ಇದೇ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುತ್ತಾರೆ. ಇವರಲ್ಲಿ ಹತ್ತು ಜನರನ್ನು ಮಾತಾಡಿಸಿದರೆ ಒಬ್ಬಿಬ್ಬರಾದರೂ ಟಿಸಿ ಕೈಗೆ ಸಿಕ್ಕಿ ಫೈನ್ ಕಟ್ಟಿದ್ದನ್ನು ಹೇಳುತ್ತಾರೆ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರ ಮಾತು ಬೇರೆ. ಕೈಯಲ್ಲಿ ಟಿಕೆಟ್ ಇದ್ದೂ ಅದು ‘ಈ ಗಾಡಿಗೆ ಆಗಲ್ಲ’ ಎನ್ನಿಸಿಕೊಂಡು ದಂಡ ತೆತ್ತವರ ಬಗ್ಗೆ ಈ ಲೇಖನ.

ಇಂಥ ದಂಡ ನ್ಯಾಯವೇ? ಎಷ್ಟು ಕೇಳಬಹುದು, ಎಷ್ಟು ಕೇಳಬಾರದು? ಅನ್ಯಾಯವಾಯಿತು ಎನ್ನಿಸಿದರೆ ಎಲ್ಲಿಗೆ ಹೋಗಬೇಕು? ರೈಲ್ವೆ ಕಾಯ್ದೆ, ಗ್ರಾಹಕ ಕಾನೂನು, ನ್ಯಾಯಾಲಯಗಳ ತೀರ್ಪು, ಹೊರದೇಶಗಳ ಪದ್ಧತಿ ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದಾಗ ಒಂದು ವಿಷಯ ಸ್ಪಷ್ಟವಾಗುತ್ತದೆ. ಮೋಸ ಮಾಡಿದವರನ್ನೂ ಎಡವಿದವರನ್ನೂ ನಮ್ಮ ಕಾಯ್ದೆ ಬೇರೆ ಬೇರೆ ಕಲಮುಗಳಲ್ಲಿ ಇಟ್ಟಿದೆ. ಆದರೆ ಬೋಗಿಯೊಳಗೆ, ರಸೀದಿ ಹರಿಯುವ ಹೊತ್ತಿನಲ್ಲಿ, ಆ ವ್ಯತ್ಯಾಸ ಮರೆಯಾಗುತ್ತಿದೆ.

ಒಂದೇ ಹಳಿ, ಹಲವು ದರ

ಮೈಸೂರು ಸಂಸ್ಥಾನದ ಕಾಲದಲ್ಲಿ, 1882ರ ಹೊತ್ತಿಗೆ, ಬೆಂಗಳೂರಿನಿಂದ ಮೈಸೂರಿಗೆ ಮೀಟರ್ ಗೇಜ್ ಹಳಿ ಬಂತು. 1990ರ ದಶಕದಲ್ಲಿ ಅದು ಬ್ರಾಡ್ ಗೇಜ್ ಆಯಿತು. ಶ್ರೀರಂಗಪಟ್ಟಣದಲ್ಲಿ ಹಳಿಗೆ ಅಡ್ಡವಾಗಿದ್ದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಇಡಿಯಾಗಿ ಪಕ್ಕಕ್ಕೆ ಸರಿಸಿದ ಮೇಲೆ ಜೋಡಿ ಹಳಿಯ ಕೆಲಸವೂ ಮುಗಿದು, ವಿದ್ಯುತ್ ಎಂಜಿನ್ನುಗಳು ಓಡತೊಡಗಿದವು. ಈಗ ಒಂದರ ಹಿಂದೆ ಒಂದರಂತೆ ಗಾಡಿಗಳಿವೆ: ಮೆಮು, ಪ್ಯಾಸೆಂಜರ್, ಎಕ್ಸ್‌ಪ್ರೆಸ್, ಸೂಪರ್‌ಫಾಸ್ಟ್, ಶತಾಬ್ದಿ, ವಂದೇ ಭಾರತ್. ತೂತುಕುಡಿ, ಚೆನ್ನೈ, ಕಾಚಿಗುಡದಿಂದ ಬರುವ ದೂರದ ಗಾಡಿಗಳೂ ಇದೇ ಹಳಿಯ ಮೇಲೆ ಓಡುತ್ತವೆ.

ಹಳಿ ಒಂದೇ ಆದರೂ ದರ ಒಂದೇ ಅಲ್ಲ. ಸಾಮಾನ್ಯ ಪ್ಯಾಸೆಂಜರ್ ಅಥವಾ ಮೆಮು ಗಾಡಿಯಲ್ಲಿ ಎರಡನೇ ದರ್ಜೆಯ ಕನಿಷ್ಠ ದರ 10 ರೂಪಾಯಿ. ಎಕ್ಸ್‌ಪ್ರೆಸ್‌ನಲ್ಲಿ ಕನಿಷ್ಠ 30 ರೂಪಾಯಿ. ಸೂಪರ್‌ಫಾಸ್ಟ್ ಆದರೆ ಅದರ ಮೇಲೆ ಇನ್ನೂ 15 ರೂಪಾಯಿ ಸರ್‌ಚಾರ್ಜ್. ಕೋವಿಡ್ ಕಾಲದಲ್ಲಿ ಪ್ಯಾಸೆಂಜರ್ ಗಾಡಿಗಳಿಗೂ ಎಕ್ಸ್‌ಪ್ರೆಸ್ ದರವನ್ನೇ ಹಾಕಿದ್ದರು. 2024ರ ಫೆಬ್ರುವರಿಯಲ್ಲಿ ಹಳೆಯ ದರ ಮರಳಿ ಬಂತು. ಅಲ್ಲಿಯವರೆಗೆ ಯಾವ ಗಾಡಿಗಾದರೂ ಒಂದೇ ದರ ಕೊಟ್ಟು ರೂಢಿಯಾಗಿದ್ದವರಿಗೆ ಮತ್ತೆ ಗಾಡಿ ನೋಡಿ ಟಿಕೆಟ್ ಕೊಳ್ಳುವ ಪಾಠ ಶುರುವಾಯಿತು.

ಗಾಡಿಯ ಬಗೆಯನ್ನು ಅದರ ಸಂಖ್ಯೆಯೇ ಹೇಳುತ್ತದೆ. 2010ರ ಡಿಸೆಂಬರ್‌ನಿಂದ ಎಲ್ಲ ಗಾಡಿಗಳಿಗೂ ಐದಂಕಿಯ ಸಂಖ್ಯೆ ಇದೆ. 12, 20 ಅಥವಾ 22ರಿಂದ ಆರಂಭವಾದರೆ ಸಾಮಾನ್ಯವಾಗಿ ಸೂಪರ್‌ಫಾಸ್ಟ್ ಅಥವಾ ಅದಕ್ಕೂ ಮೇಲಿನ ಗಾಡಿ. 5ರಿಂದ ಆರಂಭವಾದರೆ ಪ್ಯಾಸೆಂಜರ್, 6ರಿಂದ ಆರಂಭವಾದರೆ ಮೆಮು. ಚಾಮುಂಡಿ ಎಕ್ಸ್‌ಪ್ರೆಸ್ಸಿನ ಸಂಖ್ಯೆ 16215 ಮತ್ತು 16216, ಹಾಗಾಗಿ ಅದು ಬರೀ ಎಕ್ಸ್‌ಪ್ರೆಸ್. ಒಡೆಯರ್ ಎಕ್ಸ್‌ಪ್ರೆಸ್ಸಿನದು 12613 ಮತ್ತು 12614, ಅದು ಸೂಪರ್‌ಫಾಸ್ಟ್. ಹೆಸರಿನಲ್ಲಿ ಎರಡೂ ‘ಎಕ್ಸ್‌ಪ್ರೆಸ್’ ಎಂದೇ ಇವೆ. ಬೋರ್ಡಿನ ಮೇಲಿನ ಅಂಕಿಯನ್ನು ಬಿಡಿಸಿ ಓದುವ ಅಭ್ಯಾಸ ಇಲ್ಲದವರಿಗೆ ವ್ಯತ್ಯಾಸ ತಿಳಿಯುವುದು ಟಿಸಿ ಎದುರು ನಿಂತಾಗಲೇ.

ನಮ್ಮ ಜನ ಗಾಡಿಯನ್ನು ಸಂಖ್ಯೆಯಿಂದ ಗುರುತಿಸುವುದೂ ಇಲ್ಲ, ಹೊತ್ತಿನಿಂದ ಗುರುತಿಸುತ್ತಾರೆ. ‘ಏಳೂವರೆ ಗಾಡಿ’, ‘ಒಂಬತ್ತರ ಗಾಡಿ’ ಎಂದೇ ಮಾತು. ಏಳಕ್ಕೆ ಬರಬೇಕಾದ ಸೂಪರ್‌ಫಾಸ್ಟ್ ತಡವಾಗಿ ಏಳೂವರೆಗೆ ಬಂದು ನಿಂತರೆ, ಕೈಯಲ್ಲಿ ಪ್ಯಾಸೆಂಜರ್ ಟಿಕೆಟ್ ಹಿಡಿದವರು ಅದನ್ನೇ ಹತ್ತಿಬಿಡುತ್ತಾರೆ. ಗಾಡಿ ನಿಲ್ಲುವುದು ಒಂದೆರಡು ನಿಮಿಷ. ಜನರಲ್ ಬೋಗಿಯ ಬಾಗಿಲಲ್ಲಿ ನೂಕುನುಗ್ಗಲು. ಧ್ವನಿವರ್ಧಕದ ಪ್ರಕಟಣೆ ಗದ್ದಲದಲ್ಲಿ ಅರ್ಧ ಕೇಳುತ್ತದೆ, ಅರ್ಧ ಕೇಳುವುದಿಲ್ಲ. ತಪ್ಪು ರೈಲಿನ ಬಹುಪಾಲು ಪ್ರಕರಣಗಳ ಮೂಲ ಈ ಒಂದೆರಡು ನಿಮಿಷದಲ್ಲಿದೆ.

ತಪ್ಪಿನ ಬಗೆಗಳು

‘ತಪ್ಪು ರೈಲು’ ಎಂದು ಒಟ್ಟಾಗಿ ಹೇಳಿದರೂ ಅದರಲ್ಲಿ ಹಲವು ಬಗೆ ಇವೆ, ಪ್ರತಿಯೊಂದಕ್ಕೂ ಲೆಕ್ಕ ಬೇರೆ.

ಮೊದಲನೆಯದು, ದಾರಿ ಸರಿ, ಗಾಡಿಯ ದರ್ಜೆ ತಪ್ಪು: ಪ್ಯಾಸೆಂಜರ್ ಟಿಕೆಟ್ಟಿನಲ್ಲಿ ಎಕ್ಸ್‌ಪ್ರೆಸ್ ಅಥವಾ ಸೂಪರ್‌ಫಾಸ್ಟ್ ಹತ್ತುವುದು. ತಿಂಗಳ ಪಾಸಿನವರ ಪಾಡೂ ಇದೇ. ಸರ್‌ಚಾರ್ಜ್ ಸೇರಿಸದ ಪಾಸ್ ಸೂಪರ್‌ಫಾಸ್ಟ್‌ಗೆ ನಡೆಯುವುದಿಲ್ಲ. ಶತಾಬ್ದಿ, ವಂದೇ ಭಾರತ್‌ಗೆ ಯಾವ ಪಾಸೂ ನಡೆಯುವುದಿಲ್ಲ. ಎರಡನೆಯದು, ಗಾಡಿ ಸರಿ, ಬೋಗಿ ತಪ್ಪು: ಜನರಲ್ ಟಿಕೆಟ್ ಹಿಡಿದು ರಿಸರ್ವೇಶನ್ ಬೋಗಿಗೆ ಹತ್ತುವುದು. ಮೂರನೆಯದು, ಮುಂದಕ್ಕೆ ಹೋಗಿಬಿಡುವುದು: ಮದ್ದೂರಿಗೆ ಟಿಕೆಟ್ ಕೊಂಡವರು ಅಲ್ಲಿ ನಿಲ್ಲದ ಗಾಡಿ ಹತ್ತಿ ಮಂಡ್ಯದಲ್ಲೋ ಮೈಸೂರಿನಲ್ಲೋ ಇಳಿಯುವುದು. ನಾಲ್ಕನೆಯದು, ಕಾಯ್ದಿರಿಸಿದ ಟಿಕೆಟ್ ಇದ್ದೂ ಬೇರೆ ಗಾಡಿ ಏರುವುದು. ಕಾಯ್ದಿರಿಸಿದ ಟಿಕೆಟ್ ಆ ದಿನದ ಆ ಗಾಡಿಗೆ ಮಾತ್ರ ಸಲ್ಲುತ್ತದೆ, ಬೇರೆ ಗಾಡಿಯಲ್ಲಿ ಅದನ್ನು ಟಿಕೆಟ್ ಎಂದೇ ಎಣಿಸುವುದಿಲ್ಲ. ಆನ್‌ಲೈನ್‌ನಲ್ಲಿ ಕೊಂಡ ಟಿಕೆಟ್ ಚಾರ್ಟ್ ಆದ ಮೇಲೂ ವೇಟಿಂಗ್ ಲಿಸ್ಟಿನಲ್ಲೇ ಉಳಿದರೆ ತಾನಾಗಿಯೇ ರದ್ದಾಗುತ್ತದೆ. ಅದನ್ನು ತಿಳಿಯದೆ ಹತ್ತಿದವರ ಸ್ಥಿತಿಯೂ ಅಷ್ಟೆ. ಐದನೆಯದು, ಹೊತ್ತು ಮೀರಿದ ಟಿಕೆಟ್. 200 ಕಿಲೋಮೀಟರ್ ಒಳಗಿನ ಜನರಲ್ ಟಿಕೆಟ್ ಕೊಂಡ ಮೂರು ಗಂಟೆಯೊಳಗೆ, ಇಲ್ಲವೇ ಆ ಊರಿಗೆ ಹೊರಡುವ ಮೊದಲ ಗಾಡಿಯಲ್ಲಿ ಪ್ರಯಾಣ ಆರಂಭಿಸಬೇಕೆಂಬ ನಿಯಮ 2016ರಿಂದ ಇದೆ. ಬೆಳಿಗ್ಗೆಯೇ ಟಿಕೆಟ್ ತೆಗೆದಿಟ್ಟು ಪೇಟೆ ಕೆಲಸ ಮುಗಿಸಿ ಮಧ್ಯಾಹ್ನದ ಗಾಡಿ ಹತ್ತುವವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಈಚೆಗೆ ಇನ್ನೊಂದು ಬಗೆ ಸೇರಿದೆ. ವಂದೇ ಭಾರತ್ ಗಾಡಿಯ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. 2023ರ ಜನವರಿಯಲ್ಲಿ ಆಂಧ್ರದ ರಾಜಮಂಡ್ರಿಯಲ್ಲಿ ಫೋಟೊ ತೆಗೆಯಲು ಹತ್ತಿದ ಒಬ್ಬರು ಒಳಗೇ ಸಿಕ್ಕಿಕೊಂಡು ವಿಜಯವಾಡದವರೆಗೆ ಹೋಗಬೇಕಾಯಿತು. ನೆಂಟರನ್ನು ಕೂರಿಸಲು, ಲಗೇಜು ಎತ್ತಿಕೊಡಲು ಹತ್ತಿದವರಿಗೂ ಇದೇ ಗತಿಯಾಗಬಹುದು.

ಕಾಯ್ದೆಯ ನಾಲ್ಕು ಕಲಮು

ಇವೆಲ್ಲಕ್ಕೂ ಆಧಾರ 1989ರ ರೈಲ್ವೆ ಕಾಯ್ದೆ. ಅದರಲ್ಲಿ ನಾಲ್ಕು ಕಲಮುಗಳು ಪ್ರತಿಯೊಬ್ಬ ಪ್ರಯಾಣಿಕರಿಗೂ ಗೊತ್ತಿರಬೇಕು.

ಕಲಂ 55ರ ಪ್ರಕಾರ ಸರಿಯಾದ ಟಿಕೆಟ್, ಪಾಸ್ ಅಥವಾ ಅಧಿಕಾರವುಳ್ಳ ಸಿಬ್ಬಂದಿಯ ಅನುಮತಿ ಇಲ್ಲದೆ ಬೋಗಿ ಹತ್ತುವಂತಿಲ್ಲ. ಇದರ ಎರಡನೇ ಉಪಕಲಂ ಬಲು ಮುಖ್ಯ. ಮೊದಲೇ ಸಿಬ್ಬಂದಿಗೆ ತಿಳಿಸಿ ಅನುಮತಿ ಪಡೆದರೆ, ಆಮೇಲೆ ದರ ಕೊಡುವ ಷರತ್ತಿನ ಮೇಲೆ ಒಂದು ಪ್ರಮಾಣಪತ್ರ ಸಿಗುತ್ತದೆ. ಅದು ಕೈಯಲ್ಲಿದ್ದರೆ ಹೆಚ್ಚುವರಿ ಶುಲ್ಕ ಹಾಕುವಂತಿಲ್ಲ ಎಂದು ಕಲಂ 138 ನೇರವಾಗಿ ಹೇಳುತ್ತದೆ. ತಪ್ಪು ಗಾಡಿ ಹತ್ತಿದ್ದು ಗೊತ್ತಾದ ಕೂಡಲೇ ಗಾರ್ಡನ್ನೋ ಟಿಸಿಯನ್ನೋ ತಾವೇ ಹುಡುಕಿಕೊಂಡು ಹೋಗಿ ಹೇಳಬೇಕು ಎಂಬ ಹಿರಿಯರ ಮಾತಿಗೆ ಇದೇ ಬಲ. ಟಿಸಿ ಬರುವ ತನಕ ಸುಮ್ಮನೆ ಕೂತವರ ಮಾತಿಗಿಂತ ತಾವಾಗಿ ಎದ್ದು ಹೋಗಿ ಹೇಳಿದವರ ಮಾತಿಗೆ ತೂಕ ಹೆಚ್ಚು.

ಕಲಂ 137 ವಂಚನೆಗೆ ಸಂಬಂಧಿಸಿದ್ದು. ರೈಲ್ವೆಗೆ ಮೋಸ ಮಾಡುವ ಉದ್ದೇಶದಿಂದ ಟಿಕೆಟ್ ಇಲ್ಲದೆ ಪ್ರಯಾಣಿಸಿದರೆ, ಹಳೆಯ ಟಿಕೆಟ್ಟನ್ನೇ ಮತ್ತೆ ಬಳಸಿದರೆ, ಆರು ತಿಂಗಳವರೆಗೆ ಸಜೆ ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ. ವಿಶೇಷ ಕಾರಣ ಇಲ್ಲದಿದ್ದರೆ ದಂಡ 500 ರೂಪಾಯಿಗಿಂತ ಕಡಿಮೆ ಇರಬಾರದು. ಇಲ್ಲಿ ಮೋಸದ ಉದ್ದೇಶ ಸಾಬೀತಾಗಬೇಕು, ಅದನ್ನು ತೀರ್ಮಾನಿಸುವುದು ನ್ಯಾಯಾಲಯ. ಟಿಸಿ ಬೋಗಿಯಲ್ಲಿ ನಿಂತು ಯಾರನ್ನೂ ಅಪರಾಧಿ ಎನ್ನಲಾರರು.

ಕಲಂ 138ರಲ್ಲಿ ಉದ್ದೇಶದ ಮಾತೇ ಇಲ್ಲ. ಟಿಕೆಟ್ ಇಲ್ಲದವರು, ಕೆಳದರ್ಜೆಯ ಟಿಕೆಟ್ಟಿನಲ್ಲಿ ಮೇಲ್ದರ್ಜೆಯ ಬೋಗಿ ಅಥವಾ ಗಾಡಿ ಹತ್ತಿದವರು, ಟಿಕೆಟ್ಟಿನ ಊರು ದಾಟಿ ಹೋದವರು ಎಲ್ಲರೂ ಬಾಕಿ ದರದ ಜೊತೆಗೆ ಹೆಚ್ಚುವರಿ ಶುಲ್ಕ ಕೊಡಬೇಕು. ಆ ಶುಲ್ಕ ಬಾಕಿ ದರದಷ್ಟೇ ಅಥವಾ 250 ರೂಪಾಯಿ, ಯಾವುದು ಹೆಚ್ಚೋ ಅದು. ಮೊದಲು 50 ರೂಪಾಯಿ ಇದ್ದ ಈ ಕನಿಷ್ಠ ಮೊತ್ತ 2003ರ ತಿದ್ದುಪಡಿಯಿಂದ 250 ಆಯಿತು. ನಾವು ಬಾಯಿಮಾತಿನಲ್ಲಿ ಫೈನ್ ಎನ್ನುವುದು ಬಹುತೇಕ ಇದನ್ನೇ. ಇದನ್ನು ಕಟ್ಟಿದ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ.

ಕೊಡಲಾರೆ ಎಂದರೆ ಏನು? ಅಧಿಕಾರವುಳ್ಳ ಸಿಬ್ಬಂದಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ ವಸೂಲಿ ಮಾಡಿಸಬಹುದು. ಹಣ ಸಲ್ಲಬೇಕಾದದ್ದೇ ಎಂದು ಮ್ಯಾಜಿಸ್ಟ್ರೇಟರಿಗೆ ಮನವರಿಕೆಯಾಗಬೇಕು. ಆದೇಶವಾದ ಮೇಲೂ ಕಟ್ಟದಿದ್ದರೆ ಹತ್ತು ದಿನಕ್ಕೆ ಕಡಿಮೆಯಿಲ್ಲದೆ ಒಂದು ತಿಂಗಳವರೆಗೆ ಸಜೆಯಾಗಬಹುದು. ಹಣ ಕೊಡುವ ಮೊದಲೇ ಮೂರನೆಯವರೊಬ್ಬರು ಎರಡೂ ಕಡೆಯ ಮಾತು ಕೇಳುವ ಅವಕಾಶ ಇಡೀ ವ್ಯವಸ್ಥೆಯಲ್ಲಿ ಇದೊಂದೇ. ಆದರೆ ಜೈಲಿನ ನೆರಳು ಮೇಲಿರುವಾಗ ದಿನಗೂಲಿಯವರು ಆ ದಾರಿ ಹಿಡಿಯುವ ಧೈರ್ಯ ಮಾಡುವುದಿಲ್ಲ.

ಕಲಂ 139 ಹಣ ಕೊಡದವರನ್ನು ಗಾಡಿಯಿಂದ ಇಳಿಸುವ ಅಧಿಕಾರ ಕೊಡುತ್ತದೆ, ಜೊತೆಗೆ ಅದಕ್ಕೆ ಲಗಾಮನ್ನೂ ಹಾಕುತ್ತದೆ. ಮೇಲ್ದರ್ಜೆಯ ಬೋಗಿಯಿಂದ ಇಳಿಸಿದವರು ತಮ್ಮ ಟಿಕೆಟ್ಟಿನ ದರ್ಜೆಯ ಬೋಗಿಯಲ್ಲಿ ಪ್ರಯಾಣ ಮುಂದುವರಿಸಬಹುದು. ಗಂಡಸರ ಜೊತೆಯಿಲ್ಲದೆ ಪ್ರಯಾಣಿಸುವ ಹೆಂಗಸರನ್ನಾಗಲಿ ಮಕ್ಕಳನ್ನಾಗಲಿ ಎಲ್ಲೆಂದರಲ್ಲಿ ಇಳಿಸುವಂತಿಲ್ಲ. ಅವರು ಹತ್ತಿದ ನಿಲ್ದಾಣ, ಜಂಕ್ಷನ್, ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರದ ನಿಲ್ದಾಣ, ಇಷ್ಟರಲ್ಲಿ ಮಾತ್ರ ಇಳಿಸಬಹುದು, ಅದೂ ಹಗಲು ಹೊತ್ತಿನಲ್ಲಿ. ನಮ್ಮ ಮಾರ್ಗಕ್ಕೆ ಇದನ್ನು ಹೊಂದಿಸಿ ನೋಡಿ. ಮಂಡ್ಯ ಜಿಲ್ಲಾ ಕೇಂದ್ರ, ಮದ್ದೂರು ತಾಲ್ಲೂಕು ಕೇಂದ್ರ ಮಾತ್ರ. ಬೆಂಗಳೂರಿನಲ್ಲಿ ಹತ್ತಿದ ಒಂಟಿ ಹೆಣ್ಣುಮಗಳನ್ನು ಟಿಕೆಟ್ ಸರಿಯಿಲ್ಲವೆಂದು ಮದ್ದೂರಿನಲ್ಲಾಗಲಿ, ಹನಕೆರೆಯಂಥ ಸಣ್ಣ ನಿಲ್ದಾಣದಲ್ಲಾಗಲಿ ಇಳಿಸುವುದು ಕಾಯ್ದೆಗೆ ವಿರುದ್ಧ. ರಾತ್ರಿಯಾದರೆ ಮಂಡ್ಯದಲ್ಲೂ ಇಳಿಸುವಂತಿಲ್ಲ. ಸಂಜೆ ಗಾಡಿಯಲ್ಲಿ ಕೆಲಸ ಮುಗಿಸಿ ಬರುವ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಇಪ್ಪತ್ತು ರೂಪಾಯಿ ಬಾಕಿಗೆ ಇನ್ನೂರೈವತ್ತು

ಲೆಕ್ಕ ಹಾಕಿ ನೋಡಿದರೆ ಸಮಸ್ಯೆಯ ಅಳತೆ ತಿಳಿಯುತ್ತದೆ. ಮಂಡ್ಯದಿಂದ ಮದ್ದೂರಿಗೆ ಪ್ಯಾಸೆಂಜರ್ ಟಿಕೆಟ್ 10 ರೂಪಾಯಿ. ಅದೇ ಟಿಕೆಟ್ಟಿನಲ್ಲಿ ಎಕ್ಸ್‌ಪ್ರೆಸ್ ಹತ್ತಿದರೆ ರೈಲ್ವೆಗೆ ಬರಬೇಕಾದ ಬಾಕಿ 20 ರೂಪಾಯಿ. ಹೆಚ್ಚುವರಿ ಶುಲ್ಕ ಸೇರಿ ಕೊಡಬೇಕಾದದ್ದು 270. ಸೂಪರ್‌ಫಾಸ್ಟ್ ಆದರೆ ಬಾಕಿ 35, ಒಟ್ಟು 285. ಟಿಕೆಟ್ಟನ್ನೇ ಕೊಳ್ಳದೆ ಆ ಎಕ್ಸ್‌ಪ್ರೆಸ್ ಹತ್ತಿದವರು ಕೊಡುವುದು 30 ಮತ್ತು 250, ಅಂದರೆ 280. ಟಿಕೆಟ್ ಕೊಂಡು ಎಡವಿದವರಿಗೂ ಟಿಕೆಟ್ ಕೊಳ್ಳದೆ ಹತ್ತಿದವರಿಗೂ ನಡುವಿನ ಅಂತರ ಹತ್ತೇ ರೂಪಾಯಿ. ಪ್ರಾಮಾಣಿಕತೆಗೆ ಈ ಕಲಂ ಕಟ್ಟುವ ಬೆಲೆ ಇಷ್ಟೇ ಆದರೆ ಪ್ರಯಾಣಿಕರಿಗೆ ವ್ಯವಸ್ಥೆಯ ಮೇಲೆ ಗೌರವ ಉಳಿಯುವುದು ಕಷ್ಟ. ದೂರದ ಪ್ರಯಾಣದಲ್ಲಿ 250 ಭಾರವೆನಿಸದಿರಬಹುದು. ಹತ್ತಿಪ್ಪತ್ತು ಕಿಲೋಮೀಟರ್ ಓಡಾಡುವವರಿಗೆ ಅದು ಅರ್ಧ ದಿನದ ದುಡಿಮೆ.

ಟಿಕೆಟ್ ಇಲ್ಲದವರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಎಲ್ಲಿ ಹತ್ತಿದರು ಎಂಬುದರ ಬಗ್ಗೆ ಅನುಮಾನ ಬಂದರೆ, ಗಾಡಿ ಹೊರಟ ಮೂಲ ನಿಲ್ದಾಣದಿಂದಲೇ, ಇಲ್ಲವೇ ಕೊನೆಯ ಸಲ ಟಿಕೆಟ್ ತಪಾಸಣೆ ನಡೆದ ಜಾಗದಿಂದ ದರ ಹಾಕಬಹುದು. ಮದ್ದೂರಿನಲ್ಲಿ ಹತ್ತಿದವರ ಗಾಡಿ ತೂತುಕುಡಿಯಿಂದ ಬಂದದ್ದಾಗಿದ್ದರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ಎಂದು ಊಹಿಸಿ.

ಮಳವಳ್ಳಿಯವರ ಕಷ್ಟ ಬೇರೆ

ಮಳವಳ್ಳಿಗೆ ರೈಲೇ ಇಲ್ಲ. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಚಾಮರಾಜನಗರಕ್ಕೆ ಹೋಗಬೇಕಾದ ಮಾರ್ಗ 1996–97ರಲ್ಲೇ ಮಂಜೂರಾಯಿತು. ಒಂದು ತಲೆಮಾರು ಕಳೆದರೂ ಆ ಹಳಿಯ ಮೇಲೆ ಗಾಡಿ ಓಡಿಲ್ಲ. ಹಾಗಾಗಿ ಮಳವಳ್ಳಿಯವರು ಬಸ್ಸಿನಲ್ಲಿ ಮದ್ದೂರಿಗೋ ಮಂಡ್ಯಕ್ಕೋ ಬಂದು ರೈಲು ಹಿಡಿಯಬೇಕು. ಬಸ್ಸಿನ ರೂಢಿಯೇ ಬೇರೆ. ಅಲ್ಲಿ ಮೊದಲು ಹತ್ತುವುದು, ಕೂರುವುದು, ಆಮೇಲೆ ಕಂಡಕ್ಟರ್ ಬಂದು ಟಿಕೆಟ್ ಕೊಡುವುದು. ತಪ್ಪು ಬಸ್ ಹತ್ತಿದರೆ ಕಂಡಕ್ಟರ್ ‘ಇದು ಆ ಕಡೆ ಹೋಗಲ್ಲ, ಇಳೀರಿ’ ಎಂದು ಮುಂದಿನ ಸ್ಟಾಪಿನಲ್ಲಿ ಇಳಿಸುತ್ತಾರೆ. ಆ ಜಗತ್ತಿನಿಂದ ಬಂದವರಿಗೆ ರೈಲಿನ ನಿಯಮ ತಲೆಕೆಳಗಾಗಿ ಕಾಣುತ್ತದೆ. ಅಪರೂಪಕ್ಕೆ ರೈಲು ಹತ್ತುವ ಹಳ್ಳಿಯ ವಯಸ್ಸಾದವರನ್ನೂ, ದಿನವೂ ಓಡಾಡಿ ತಪ್ಪಿಸಿಕೊಳ್ಳುವ ಕಲೆ ಕಲಿತವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇವರಿಗೆ ಒಂದು ಸಣ್ಣ ಸಲಹೆ. ಮಳವಳ್ಳಿಯಿಂದ ಬಂದ ಬಸ್ಸಿನ ಟಿಕೆಟ್ಟನ್ನು ಎಸೆಯಬೇಡಿ. ಯಂತ್ರದಿಂದ ಬರುವ ಆ ಚೀಟಿಯಲ್ಲಿ ಊರು, ದಿನ, ಹೊತ್ತು ಎಲ್ಲ ಅಚ್ಚಾಗಿರುತ್ತದೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಕೊಡುವ ಶೂನ್ಯ ಟಿಕೆಟ್ಟೂ ಅಷ್ಟೇ ಬೆಲೆಯುಳ್ಳದ್ದು. ಆಗಷ್ಟೇ ಮದ್ದೂರಿನಲ್ಲಿ ಬಸ್ ಇಳಿದವರು ತೂತುಕುಡಿಯಲ್ಲಿ ರೈಲು ಹತ್ತಿರಲು ಸಾಧ್ಯವಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ. ಮೊಬೈಲಿನಲ್ಲಿ ಹಣ ಕಳಿಸಿದ ದಾಖಲೆಯೂ ಹೀಗೆಯೇ ನೆರವಾಗುತ್ತದೆ.

ತಕರಾರು ಎಲ್ಲಿಗೆ ಒಯ್ಯಬೇಕು

ಬೋಗಿಯಲ್ಲಿ ವಾದ ಬೆಳೆಸಿ ಗೆದ್ದವರು ಕಡಿಮೆ. ಕೇಳಿದ ಹಣ ಕಾಯ್ದೆಯ ಲೆಕ್ಕಕ್ಕೆ ಸರಿಯಿದೆಯೇ ಎಂದು ನೋಡಿ, ಕಟ್ಟಿ, ರಸೀದಿ ಪಡೆದು, ಆಮೇಲೆ ಲಿಖಿತವಾಗಿ ಆಕ್ಷೇಪಿಸುವುದು ಹೆಚ್ಚು ಫಲ ಕೊಡುವ ದಾರಿ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬಾರದು. ಗಾಡಿ ಸಂಖ್ಯೆ, ಎಲ್ಲಿಂದ ಎಲ್ಲಿಗೆ, ಬಾಕಿ ದರ ಎಷ್ಟು, ಹೆಚ್ಚುವರಿ ಶುಲ್ಕ ಎಷ್ಟು ಎಂಬುದು ಅದರಲ್ಲಿ ಬೇರೆಬೇರೆಯಾಗಿ ಇದೆಯೇ ನೋಡಿಕೊಳ್ಳಿ. ಮೂಲ ಟಿಕೆಟ್ಟಿನ ಫೋಟೊ ತೆಗೆದಿಟ್ಟುಕೊಳ್ಳಿ. ಗಾಡಿ ತಡವಾಗಿತ್ತೇ, ಪ್ಲಾಟ್‌ಫಾರ್ಮ್ ಬದಲಾಗಿತ್ತೇ, ಪ್ರಕಟಣೆ ಏನಿತ್ತು ಎಂಬುದನ್ನು ಅಂದೇ ಬರೆದಿಡಿ. ತಿಂಗಳಾದ ಮೇಲೆ ನೆನಪು ಸಾಕ್ಷಿಗೆ ನಿಲ್ಲುವುದಿಲ್ಲ.

ಮೊದಲ ಮೆಟ್ಟಿಲು 139 ಸಹಾಯವಾಣಿ ಮತ್ತು ರೈಲ್‌ಮದದ್. ಇಲ್ಲಿ ದೂರು ಕೊಟ್ಟರೆ ಒಂದು ಸಂಖ್ಯೆ ಸಿಗುತ್ತದೆ, ಮುಂದಿನ ಎಲ್ಲ ಹೆಜ್ಜೆಗೂ ಅದೇ ಬುನಾದಿ. ನಿಲ್ದಾಣದ ದೂರು ಪುಸ್ತಕದಲ್ಲೂ ಬರೆಯಬಹುದು. ಎರಡನೆಯದು ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗದ ವಾಣಿಜ್ಯ ಅಧಿಕಾರಿಗಳಿಗೆ ನೋಂದಾಯಿತ ಅಂಚೆಯಲ್ಲಿ ಮನವಿ. ಮಂಡ್ಯ, ಮದ್ದೂರು ಎರಡೂ ಈ ವಿಭಾಗಕ್ಕೆ ಸೇರಿವೆ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ, ಆ ದಿನ ಗಾಡಿ ಎಷ್ಟು ತಡವಾಗಿತ್ತು, ಯಾವ ಪ್ಲಾಟ್‌ಫಾರ್ಮಿಗೆ ಬಂತು, ಶುಲ್ಕವನ್ನು ಯಾವ ನಿಯಮದಡಿ ಹಾಕಲಾಯಿತು ಎಂದು ಕೇಳಬಹುದು. 30 ದಿನದೊಳಗೆ ಉತ್ತರ ಕೊಡಬೇಕು.

ಮೂರನೆಯದು ಮಂಡ್ಯದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಒಂದು ದೊಡ್ಡ ಅನುಕೂಲ ಮಾಡಿಕೊಟ್ಟಿತು: ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ದಂಡ ಬಿದ್ದದ್ದು ಎಲ್ಲೇ ಇರಲಿ, ಮಳವಳ್ಳಿಯವರು ಮಂಡ್ಯದಲ್ಲೇ ದೂರು ಸಲ್ಲಿಸಬಹುದು. 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ, ವಕೀಲರು ಬೇಕೇಬೇಕೆಂದಿಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಅದರ ಸಹಾಯವಾಣಿ 15100.

ಇಲ್ಲಿ ರೈಲ್ವೆ ಎತ್ತುವ ಆಕ್ಷೇಪವೂ ಗೊತ್ತಿರಬೇಕು. ದರ ಮರುಪಾವತಿಯ ವಿಷಯ ರೈಲ್ವೆ ಕ್ಲೇಮ್ಸ್ ಟ್ರಿಬ್ಯುನಲ್ಲಿಗೆ ಸೇರಿದ್ದು, ಗ್ರಾಹಕ ಆಯೋಗಕ್ಕೆ ಅಧಿಕಾರವಿಲ್ಲ ಎಂಬುದು ಅದರ ಹಳೆಯ ವಾದ. ಮಥುರಾದ ವಕೀಲರೊಬ್ಬರ ಪ್ರಕರಣದಲ್ಲಿ ಇದೇ ವಾದ ಬಂದಿತ್ತು. 1999ರಲ್ಲಿ ತಲಾ 35 ರೂಪಾಯಿಯ ಎರಡು ಟಿಕೆಟ್ಟಿಗೆ 70ರ ಬದಲು 90 ರೂಪಾಯಿ ಪಡೆದದ್ದರ ವಿರುದ್ಧ ಅವರು ಗ್ರಾಹಕ ನ್ಯಾಯಾಲಯಕ್ಕೆ ಹೋದರು. ಗೆದ್ದದ್ದು 2022ರಲ್ಲಿ. 20 ರೂಪಾಯಿಯನ್ನು ಶೇ 12ರ ಬಡ್ಡಿ ಸಮೇತ ಹಿಂದಿರುಗಿಸಿ, 15,000 ರೂಪಾಯಿ ಪರಿಹಾರ ಕೊಡುವಂತೆ ಆದೇಶವಾಯಿತು. ಗೆಲುವು ದೊಡ್ಡದು, ಅದಕ್ಕೆ ತೆತ್ತ 22 ವರ್ಷ ಅದಕ್ಕಿಂತ ದೊಡ್ಡದು. ಕಾನೂನು ಬಲ್ಲವರಿಗೇ ಇಷ್ಟು ಕಾಲ ಹಿಡಿದರೆ ಉಳಿದವರ ಪಾಡು ಹೇಳಬೇಕಿಲ್ಲ.

ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ಈ ದಾರಿಯ ಉದ್ದಗಲ ತೋರಿಸುತ್ತವೆ. ಗಾಡಿ ತಡವಾಗಿ ಜಮ್ಮುವಿನಲ್ಲಿ ವಿಮಾನ ತಪ್ಪಿಸಿಕೊಂಡ ಕುಟುಂಬಕ್ಕೆ ಸಿಕ್ಕ ಪರಿಹಾರವನ್ನು 2021ರ ಸೆಪ್ಟೆಂಬರ್‌ನಲ್ಲಿ ಅದು ಎತ್ತಿಹಿಡಿಯಿತು. ತಡವಾದದ್ದಕ್ಕೆ ಕಾರಣ ವಿವರಿಸುವ ಹೊಣೆ ರೈಲ್ವೆಯದು ಎಂದಿತು. 2023ರಲ್ಲಿ ಪ್ರಯಾಣಿಕರೊಬ್ಬರ ಹಣ ಕಳುವಾದ ಪ್ರಕರಣದಲ್ಲಿ, ತಮ್ಮ ವಸ್ತುವನ್ನು ತಾವೇ ಕಾಯ್ದುಕೊಳ್ಳಲಾಗದ್ದಕ್ಕೆ ರೈಲ್ವೆಯನ್ನು ಹೊಣೆ ಮಾಡಲಾಗದು ಎಂದು ಹೇಳಿತು. ತಪ್ಪು ರೈಲಿನ ತಕರಾರು ಈ ಎರಡರ ನಡುವೆ ನಿಲ್ಲುತ್ತದೆ. ಅಜಾಗ್ರತೆ ನಮ್ಮದೇ ಆದರೆ ಹಣ ಮರಳದು. ತಡವಾದ ಗಾಡಿ, ತಪ್ಪು ಪ್ರಕಟಣೆ, ಕೊನೆಗಳಿಗೆಯಲ್ಲಿ ಬದಲಾದ ಪ್ಲಾಟ್‌ಫಾರ್ಮ್ ನಮ್ಮನ್ನು ದಾರಿ ತಪ್ಪಿಸಿದ್ದನ್ನು ತೋರಿಸಿಕೊಟ್ಟರೆ ಸೇವಾಲೋಪದ ಪ್ರಶ್ನೆ ಏಳುತ್ತದೆ.

ಚನ್ನಪಟ್ಟಣದ ತೀರ್ಪು

ಮದ್ದೂರಿನ ಪಕ್ಕದ ಚನ್ನಪಟ್ಟಣದಲ್ಲಿ 2014ರಲ್ಲಿ ನಡೆದದ್ದು ಈ ಇಡೀ ಚರ್ಚೆಯಲ್ಲಿ ಅತ್ಯಂತ ನೋವಿನ ಸಂಗತಿ. ಅಕ್ಕತಂಗಿಯರಿಬ್ಬರು ತಿರುಪತಿ ಪ್ಯಾಸೆಂಜರ್ ಗಾಡಿಗೆಂದು ಬಂದವರು ತೂತುಕುಡಿ ಎಕ್ಸ್‌ಪ್ರೆಸ್ ಹತ್ತಿಬಿಟ್ಟರು. ತಪ್ಪು ಗೊತ್ತಾಗಿ ಇಳಿಯಲು ಹೋದಾಗ ಒಬ್ಬರು ಬಿದ್ದು ಪ್ರಾಣ ಬಿಟ್ಟರು. ಕ್ಲೇಮ್ಸ್ ಟ್ರಿಬ್ಯುನಲ್ ಪರಿಹಾರ ನಿರಾಕರಿಸಿತು. ಕುಟುಂಬದವರು ಹೈಕೋರ್ಟಿಗೆ ಹೋದರು. 2024ರಲ್ಲಿ ಕರ್ನಾಟಕ ಹೈಕೋರ್ಟ್ ಟ್ರಿಬ್ಯುನಲ್ಲಿನ ಆದೇಶವನ್ನು ತಳ್ಳಿಹಾಕಿ 8 ಲಕ್ಷ ರೂಪಾಯಿ ಪರಿಹಾರಕ್ಕೆ ದಾರಿ ಮಾಡಿತು. ತಪ್ಪು ಗಾಡಿ ಎಂದು ತಿಳಿದು ಇಳಿಯಲು ಹೋದದ್ದನ್ನು ತಾವೇ ತಂದುಕೊಂಡ ಅಪಾಯ ಎಂದು ನ್ಯಾಯಾಲಯ ಒಪ್ಪಲಿಲ್ಲ.

ಇದಕ್ಕೂ ಮೊದಲು, 2018ರಲ್ಲಿ, ಮೃತರ ಬಳಿ ಟಿಕೆಟ್ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅವರನ್ನು ಪ್ರಾಮಾಣಿಕ ಪ್ರಯಾಣಿಕರಲ್ಲ ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಈ ಎರಡು ತೀರ್ಪುಗಳು ಅಪಘಾತ ಪರಿಹಾರಕ್ಕೆ ಸಂಬಂಧಿಸಿದವು, ದಂಡಕ್ಕೆ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಅವುಗಳ ಹಿಂದಿನ ತಿಳಿವಳಿಕೆ ದಂಡದ ವಿಷಯಕ್ಕೂ ಬೇಕು. ತಪ್ಪು ಗಾಡಿ ಹತ್ತಿ ಸತ್ತವರನ್ನು ಪ್ರಯಾಣಿಕರೆಂದು ಒಪ್ಪುವ ನ್ಯಾಯ, ತಪ್ಪು ಗಾಡಿ ಹತ್ತಿ ಬದುಕಿ ಕೂತವರನ್ನು ಟಿಕೆಟ್ ಕದ್ದವರಂತೆ ಕಾಣಬಾರದು.

ಬೇರೆ ಕಡೆ ಹೇಗಿದೆ

ಇಂಗ್ಲೆಂಡಿನಲ್ಲಿ ದಂಡ ನಮ್ಮದಕ್ಕಿಂತ ಕಠಿಣ. 2023ರ ಜನವರಿಯಿಂದ ಅದು 20 ಪೌಂಡಿನಿಂದ 100 ಪೌಂಡಿಗೆ ಏರಿತು, ಟಿಕೆಟ್ ದರ ಬೇರೆ. 21 ದಿನದೊಳಗೆ ಕಟ್ಟಿದರೆ ಅರ್ಧ. ಆದರೆ ಆಕ್ಷೇಪಿಸುವ ದಾರಿ ಅಷ್ಟೇ ಸ್ಪಷ್ಟ. ದಂಡದ ಚೀಟಿಯ ಮೇಲೆಯೇ ಮೇಲ್ಮನವಿಯ ವಿವರ ಇರುತ್ತದೆ, ರೈಲು ಕಂಪನಿಗೆ ಸೇರದ ಸಮಿತಿ ವಿಚಾರಿಸುತ್ತದೆ, ಒಂದಾದ ಮೇಲೊಂದರಂತೆ ಮೂರು ಹಂತಗಳಿವೆ. ಅಲ್ಲೂ ಎಡವಟ್ಟುಗಳಾಗಿವೆ. ಟಿಕೆಟ್ ತಪ್ಪಿಗೆ ತ್ವರಿತ ವಿಧಾನದಲ್ಲಿ ಹೂಡಿದ್ದ ಸುಮಾರು 74,000 ಮೊಕದ್ದಮೆಗಳು ಕಾನೂನುಬಾಹಿರ ಎಂದು 2024ರ ಆಗಸ್ಟ್‌ನಲ್ಲಿ ಲಂಡನ್ನಿನ ಮುಖ್ಯ ಮ್ಯಾಜಿಸ್ಟ್ರೇಟ್ ತೀರ್ಮಾನಿಸಿದರು. ಜರ್ಮನಿಯಲ್ಲಿ ದಂಡ 60 ಯೂರೊ. ಆದರೆ ಸ್ವಂತ ಹೆಸರಿನ ಪಾಸ್ ಇದ್ದೂ ಮನೆಯಲ್ಲಿ ಮರೆತು ಬಂದವರು ಆಮೇಲೆ ತೋರಿಸಿದರೆ ಅದು 7 ಯೂರೊಗೆ ಇಳಿಯುತ್ತದೆ. ಮರೆತವರನ್ನೂ ಮೋಸ ಮಾಡಿದವರನ್ನೂ ಅಲ್ಲಿನ ದರಪಟ್ಟಿಯೇ ಬೇರೆ ಮಾಡಿದೆ.

ಆಗಬೇಕಾದದ್ದು

ರೈಲ್ವೆಯ ಕಷ್ಟವನ್ನೂ ಒಪ್ಪಬೇಕು. ಟಿಕೆಟ್ ಇಲ್ಲದೆ ಓಡಾಡುವವರು ಇದ್ದಾರೆ. ಸಿಕ್ಕಿಬಿದ್ದಾಗ ‘ಗೊತ್ತಾಗಲಿಲ್ಲ ಸಾರ್’ ಎನ್ನುವವರಲ್ಲಿ ಗೊತ್ತಿದ್ದೇ ಮಾಡಿದವರೂ ಇರುತ್ತಾರೆ. ಕಿಕ್ಕಿರಿದ ಬೋಗಿಯಲ್ಲಿ ನಿಂತ ಟಿಸಿ ಯಾರ ಮನಸ್ಸಿನಲ್ಲಿ ಏನಿದೆ ಎಂದು ಅಳೆಯಲಾರರು. ಕಾಯ್ದಿರಿಸಿದ ಬೋಗಿಯಲ್ಲಿ ಹಣ ಕೊಟ್ಟು ಕೂತವರ ಹಕ್ಕನ್ನೂ ಅವರು ಕಾಯಬೇಕು. ಹಾಗಾಗಿ ದಂಡವೇ ಬೇಡ ಎನ್ನುವುದು ಸರಿಯಲ್ಲ. ಬಾಕಿ ದರವನ್ನು ಎಲ್ಲರೂ ಕೊಡಲೇಬೇಕು.

ಕೇಳಬೇಕಾದದ್ದು ನಾಲ್ಕು. ಮೊದಲನೆಯದು, ಅದೇ ಮಾರ್ಗದ, ಅದೇ ದಿನದ ಟಿಕೆಟ್ ಕೈಯಲ್ಲಿದ್ದು ಗಾಡಿಯ ದರ್ಜೆ ಮಾತ್ರ ತಪ್ಪಿದ್ದರೆ 250ರ ಕನಿಷ್ಠ ಶುಲ್ಕ ಬೇಡ, ಬಾಕಿ ದರ ಮತ್ತು ಅಷ್ಟೇ ಮೊತ್ತದ ಶುಲ್ಕ ಸಾಕು. ಮಂಡ್ಯ–ಮದ್ದೂರಿನ ಲೆಕ್ಕದಲ್ಲಿ ಅದು 20 ಮತ್ತು 20, ಒಟ್ಟು 40 ರೂಪಾಯಿ. ಎಚ್ಚರಿಸುವುದಕ್ಕೆ ಅಷ್ಟು ಸಾಲುತ್ತದೆ. ಇದಕ್ಕೆ ಕಲಂ 138ರ ತಿದ್ದುಪಡಿ ಬೇಕು, ಅದನ್ನು ಸಂಸತ್ತಿನಲ್ಲಿ ಎತ್ತುವ ಹೊಣೆ ನಮ್ಮ ಸಂಸದರದು. ಎರಡನೆಯದು, ದಂಡದ ರಸೀದಿಯ ಮೇಲೆ ಯಾವ ಕಲಂ, ಎಷ್ಟು ಬಾಕಿ, ಎಷ್ಟು ಶುಲ್ಕ, ಎಲ್ಲಿ ಮೇಲ್ಮನವಿ ಎಂಬುದು ಕನ್ನಡದಲ್ಲಿ ಅಚ್ಚಾಗಬೇಕು. ಮೂರನೆಯದು, ವಸೂಲಿ ಮಾಡಿದ ಇಲಾಖೆಯೇ ದೂರನ್ನೂ ತೀರ್ಮಾನಿಸುವ ಪದ್ಧತಿ ಹೋಗಿ, ಹೊರಗಿನವರೂ ಇರುವ ಸಮಿತಿಯೊಂದು ನಿಗದಿತ ದಿನದೊಳಗೆ ತೀರ್ಪು ಕೊಡಬೇಕು. ನಾಲ್ಕನೆಯದು, ಗಾಡಿ ತಡವಾಗಿ ಇನ್ನೊಂದರ ಹೊತ್ತಿಗೆ ಬಂದಾಗ ‘ಇದು ಪ್ಯಾಸೆಂಜರ್ ಅಲ್ಲ, ಸೂಪರ್‌ಫಾಸ್ಟ್, ಮದ್ದೂರಿನಲ್ಲಿ ನಿಲ್ಲುವುದಿಲ್ಲ’ ಎಂದು ಬಿಡಿಸಿ ಹೇಳುವ ಪ್ರಕಟಣೆ ಪ್ರತಿ ನಿಲ್ದಾಣದಲ್ಲೂ ಕಡ್ಡಾಯವಾಗಬೇಕು.

ಇವು ಈಡೇರುವ ತನಕ ಪ್ರಯಾಣಿಕರು ತಮಗೆ ತಾವೇ ಹೇಳಿಕೊಳ್ಳಬೇಕಾದ ಮಾತು ಒಂದಿದೆ. ತಪ್ಪು ಗಾಡಿ ಹತ್ತಿದೆವೆಂದು ಗೊತ್ತಾದರೆ ಚಲಿಸುವ ರೈಲಿನಿಂದ ಇಳಿಯಬೇಡಿ. ಮುಂದಿನ ನಿಲ್ದಾಣ ಎಷ್ಟೇ ದೂರವಿರಲಿ, ಟಿಸಿ ಎಷ್ಟೇ ಕೇಳಲಿ, ಗಾಡಿ ನಿಂತ ಮೇಲೆಯೇ ಇಳಿಯಿರಿ. ಕಟ್ಟಿದ ಹಣಕ್ಕೆ ರಸೀದಿ ಇದ್ದರೆ ಅದನ್ನು ಮರಳಿ ಕೇಳಲು ಎರಡು ವರ್ಷ ಕಾಲಾವಕಾಶವಿದೆ, ಮಂಡ್ಯದಲ್ಲೇ ಆಯೋಗವಿದೆ, ನಿಮ್ಮ ಪರವಾಗಿ ನಿಲ್ಲುವ ಕಾನೂನೂ ಇದೆ.